ಹೊರೆ ಮತ್ತು ಆಸರೆ: ಪುಣೆಯ ಒಂದು ವ್ಯಾಯಾಮ ಪದ್ಧತಿಯ ಕನ್ನಡ ಹಿನ್ನೆಲೆ

೧

ಭಾರತೀಯ ದೇಹಸಾಧನೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಬಲಿಷ್ಠರ ಇತಿಹಾಸವನ್ನೇ ಬರೆದಿದ್ದಾರೆ. ಅರಮನೆಯ ಮಲ್ಲರು, ಗರಡಿಯ ಉಸ್ತಾದರು, ಅಖಾಡಗಳ ಪೈಲ್ವಾನರು ಈ ಬರೆಹಗಳಲ್ಲಿ ಎದ್ದು ಕಾಣುತ್ತಾರೆ. ಆದರೆ ಮಂಡಿನೋವಿನವರು, ಹೆಗಲು ಹಿಡಿದುಕೊಂಡವರು, ಬಾಲ್ಯದ ಕಾಯಿಲೆಯಿಂದ ಸೊರಗಿದವರು, ವ್ಯಾಯಾಮವನ್ನು ಹೊಸದಾಗಿ ಆರಂಭಿಸಬೇಕೆಂದು ಬಯಸಿದಾಗ ಅವರಿಗೆ ಯಾವ ದಾರಿಯಿತ್ತು? ಉಪಕರಣಗಳನ್ನು ಕೊಳ್ಳುವ ಶಕ್ತಿಯಿಲ್ಲದವರು ಯಾವುದನ್ನು ಉಪಕರಣವಾಗಿ ಮಾಡಿಕೊಂಡರು? ಈ ಪ್ರಶ್ನೆಗಳನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದಲ್ಲಿ, ೧೯೩೭ರಿಂದ ಪುಣೆ ನಗರದಲ್ಲಿ ರೂಪುಗೊಂಡ ಬಿ. ಕೆ. ಎಸ್. ಅಯ್ಯಂಗಾರ್ ಅವರ ಯೋಗಪದ್ಧತಿಯನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಪದ್ಧತಿಯಲ್ಲಿ ಬಳಕೆಯಾಗುವ ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿ, ಲೋಡುದಿಂಬುಗಳ ಬಗ್ಗೆ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಇವು ಪಾಶ್ಚಾತ್ಯ ಶಿಷ್ಯರ ಬಿಗಿಯಾದ ಮೈಗೆಂದು ಮಾಡಿಕೊಂಡ ಅನುಕೂಲಗಳು ಎಂಬುದು ಒಂದು. ಇವೆಲ್ಲ ಪ್ರಾಚೀನ ಯೋಗಶಾಸ್ತ್ರದಲ್ಲಿಯೇ ಇದ್ದವು ಎಂಬುದು ಇನ್ನೊಂದು. ಇವೆರಡೂ ಆಧಾರಗಳ ಮುಂದೆ ಪೂರ್ಣವಾಗಿ ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕನ್ನಡ ನಾಡಿನ ಗರಡಿ ಮತ್ತು ಅರಮನೆಗಳ ಪರಂಪರೆ, ಮುಂಬಯಿ ಪ್ರಾಂತದ ನಗರಜೀವನ, ಕಾಯಿಲೆಯಿಂದ ಬಳಲಿದ ಒಬ್ಬ ಹುಡುಗನ ದೇಹ, ಈ ಮೂರೂ ಪುಣೆಯಲ್ಲಿ ಕೂಡಿದುದರ ಫಲವೇ ಈ ಪದ್ಧತಿ. ಇಂಗ್ಲಿಷಿನಲ್ಲಿ ಈ ವಿಷಯದ ಮೇಲೆ ಬಂದಿರುವ ಸಾಹಿತ್ಯ ವಿಪುಲವಾಗಿದ್ದರೂ ಅದರಲ್ಲಿ ಕನ್ನಡ ಆಕರಗಳಿಗೆ ಸಂದಿರುವ ಗಮನ ಕಡಿಮೆ. ಹೊರನಾಡಿನ ಸಂಶೋಧಕರಿಗೆ ಆ ಆಕರಗಳ ಇರವನ್ನು ತಿಳಿಸುವುದೂ ಈ ಬರೆಹದ ಇನ್ನೊಂದು ಪ್ರಯೋಜನ.

೨

ಹೊಸಬನಿಗೆ ಅವನ ಶಕ್ತಿಗೆ ತಕ್ಕ ವ್ಯಾಯಾಮವನ್ನು ಕೊಡಬೇಕೆಂಬ ವಿವೇಕ ನಮ್ಮಲ್ಲಿ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ ೧೧೨೬-೧೧೩೮) ‘ಮಾನಸೋಲ್ಲಾಸ’ವು ಸಂಸ್ಕೃತದಲ್ಲಿದ್ದರೂ ಕನ್ನಡ ನೆಲದ ಗ್ರಂಥ. ಅದರ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಅವರು ಮಾಡಬೇಕಾದ ‘ಶ್ರಮ’ಗಳಲ್ಲಿ ಭಾರವೆತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಸೇರಿವೆ. ವ್ಯಾಯಾಮಕ್ಕೆ ಶ್ರಮವೆಂದೇ ಹೆಸರು ಎಂಬುದನ್ನು ಗಮನಿಸಬೇಕು. ಉಪಕರಣವು ಇಲ್ಲಿ ದೇಹಕ್ಕೆ ಎದುರಾಗಿ ನಿಲ್ಲುವ ವಸ್ತು. ದೇಹ ಅದನ್ನು ಎತ್ತಬೇಕು, ತಳ್ಳಬೇಕು, ಏರಬೇಕು.

ಕರ್ನಾಟಕದ ಗರಡಿಮನೆಗಳಲ್ಲಿಯೂ ಇದೇ ತತ್ತ್ವ ಮುಂದುವರಿದಿದೆ. ದಂಡ, ಬಸ್ಕಿಗಳಿಗೆ ನೆಲದ ಹೊರತು ಏನೂ ಬೇಡ. ಗದೆ ತಿರುಗಿಸುವುದು, ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವುದು, ಇವುಗಳಿಗೆ ಬೇಕಾದ ಸಾಧನಗಳೂ ದುಬಾರಿಯಲ್ಲ. ಆದುದರಿಂದ ಅಲ್ಪ ಸಾಧನಗಳಲ್ಲಿ ಬಲ ಗಳಿಸುವ ವಿದ್ಯೆ ಗರಡಿಗೆ ಚೆನ್ನಾಗಿ ತಿಳಿದಿತ್ತು. ತಿಳಿಯದಿದ್ದುದು, ಅಥವಾ ತನ್ನ ಕೆಲಸವೆಂದು ತಿಳಿಯದಿದ್ದುದು, ನೋಯುವ ಕೀಲಿನ ಸಾಧಕನನ್ನು ಅಖಾಡದ ಒಳಗೆ ತರುವುದು. ಮೈಸೂರಿನ ಜಟ್ಟಿಗಳು ಕುಸ್ತಿಗೆ ಹೇಗೋ ಹಾಗೆಯೇ ಉಳುಕಿದ ಕೀಲನ್ನು ಸರಿಪಡಿಸುವುದಕ್ಕೂ ಹೆಸರಾದವರು. ಆದರೆ ಅಲ್ಲಿ ಚಿಕಿತ್ಸೆ ಬೇರೆ, ಸಾಧನೆ ಬೇರೆ. ನೊಂದವನು ಎಣ್ಣೆ ಹಚ್ಚಿಸಿಕೊಂಡು, ಪಟ್ಟು ಕಟ್ಟಿಸಿಕೊಂಡು, ವಾಸಿಯಾದ ಮೇಲೆ ಮಟ್ಟಿಗೆ ಇಳಿಯಬೇಕಾಗಿತ್ತು. ವಾಸಿಯಾಗದ ನೋವಿನವನಿಗೆ ಮಟ್ಟಿಯಲ್ಲಿ ಸ್ಥಳವಿರಲಿಲ್ಲ.

ಮಹಾರಾಷ್ಟ್ರದ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಎರಡನೆಯ ಬಾಜೀರಾಯನ ಕಾಲದ ಬಾಳಂಭಟ್ಟ ದಾದಾ ದೇವಧರರಿಂದ ಮಲ್ಲಖಂಬ ಹೊಸ ಜೀವ ಪಡೆಯಿತು. ಪುಣೆಯ ಪೇಟೆಗಳಲ್ಲಿ ತಾಲೀಮುಗಳು ಬೆಳೆದವು. ೧೯೦೬ರಲ್ಲಿ ಡೆಕ್ಕನ್ ಜಿಮಖಾನಾ, ೧೯೨೪ರಲ್ಲಿ ಮಹಾರಾಷ್ಟ್ರೀಯ ಮಂಡಳ ಸ್ಥಾಪನೆಯಾದವು. ಸಾತಾರಾ ಸೀಮೆಯ ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ಯಾವ ಸಾಧನವೂ ಬೇಡದ, ಯಾರೂ ಮಾಡಬಹುದಾದ ವ್ಯಾಯಾಮವೆಂದು ಪ್ರಚಾರ ಮಾಡಿದರು. ಅದೇ ೧೯೨೪ರಲ್ಲಿ ಲೋಣಾವಳೆಯಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗಕ್ರಿಯೆಗಳನ್ನು ಪ್ರಯೋಗಾಲಯದಲ್ಲಿ ಅಳೆಯಲು ತೊಡಗಿದರು. ಅಂದರೆ ೧೯೩೦ರ ದಶಕದ ಪುಣೆ ವ್ಯಾಯಾಮದ ವಿಷಯದಲ್ಲಿ ಬರಡು ನೆಲವಲ್ಲ. ಅಲ್ಲಿ ಬಲದ ಆರಾಧನೆಯಿತ್ತು, ವಿಜ್ಞಾನದ ಹಂಬಲವಿತ್ತು. ದುರ್ಬಲನು ತನ್ನ ದೌರ್ಬಲ್ಯದೊಂದಿಗೇ ಆರಂಭಿಸಬಹುದಾದ ಕ್ರಮವೊಂದು ಮಾತ್ರ ಇನ್ನೂ ರೂಪುಗೊಳ್ಳಬೇಕಾಗಿತ್ತು.

೩

ಎರಡನೆಯ ಎಳೆ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪-೧೮೬೮) ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ ೧೨೨ ಆಸನಗಳ ಚಿತ್ರಗಳಿವೆ. ಇವುಗಳಲ್ಲಿ ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಉಂಟು. ಈ ಭಾಗವನ್ನು ೧೯೯೬ರಲ್ಲಿ ಬೆಳಕಿಗೆ ತಂದ ನಾರ್ಮನ್ ಷೋಮನ್ ಅವರು ಸ್ವತಃ ಪುಣೆಯಲ್ಲಿ ಅಯ್ಯಂಗಾರ್ ಅವರಲ್ಲಿ ಅಭ್ಯಾಸ ಮಾಡಿದವರು. ೧೮೯೬ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾದ, ಎಸ್. ಭಾರದ್ವಾಜ್ ಅವರ ‘ವ್ಯಾಯಾಮದೀಪಿಕೆ’ಯನ್ನೂ ಅವರು ಈ ಪರಂಪರೆಗೆ ಜೋಡಿಸುತ್ತಾರೆ. ಮೈಸೂರಿನ ಆಸನಪದ್ಧತಿಗೆ ಹಠಯೋಗದ ಜೊತೆಗೆ ಕುಸ್ತಿ, ಅಂಗಸಾಧನೆಗಳ ಮೂಲವೂ ಉಂಟೆಂಬ ಅವರ ವಾದದ ಎಲ್ಲ ವಿವರಗಳನ್ನು ಒಪ್ಪದವರೂ ಅರಮನೆಯಲ್ಲಿ ಈ ಪ್ರವಾಹಗಳು ಅಕ್ಕಪಕ್ಕದಲ್ಲಿ ಹರಿದವೆಂಬುದನ್ನು ಅಲ್ಲಗಳೆಯಲಾರರು.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಅದರ ಆಚಾರ್ಯರು ಚಿತ್ರದುರ್ಗ ಸೀಮೆಯಲ್ಲಿ ೧೮೮೮ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಅವರ ‘ಯೋಗಮಕರಂದ’ ೧೯೩೪ರಲ್ಲಿಯೂ, ‘ಯೋಗಾಸನಗಳು’ ೧೯೪೧ರಲ್ಲಿಯೂ ಪ್ರಕಟವಾದವು. ಇವೆರಡೂ ಮೊದಲು ಕನ್ನಡದಲ್ಲಿ ಬರೆದ ಗ್ರಂಥಗಳೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಎರಡನೆಯ ಗ್ರಂಥದಲ್ಲಿ ಆಸನಗಳನ್ನು ಮೂರು ಹಂತಗಳಾಗಿ ವಿಂಗಡಿಸಿದ ಪಟ್ಟಿಯಿದೆ. ಜಗತ್ತಿನಾದ್ಯಂತ ಇಂದು ಹರಡಿರುವ ಹಲವು ಯೋಗಶಾಖೆಗಳ ಮೂಲಪಠ್ಯಗಳನ್ನು ಬಹುತೇಕ ಸಂಶೋಧಕರು ಅನುವಾದಗಳ ಮೂಲಕವೇ ಬಲ್ಲರು. ಕನ್ನಡ ಪಠ್ಯವನ್ನು ಎದುರಿಗಿಟ್ಟುಕೊಂಡು ಮಾಡುವ ಅಧ್ಯಯನಕ್ಕೆ ಇನ್ನೂ ವಿಪುಲ ಅವಕಾಶವಿದೆ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸುತ್ತ, ಅಂಚೆಯ ಮೂಲಕವೂ ಶರೀರಸಾಧನೆಯ ಪಾಠಗಳನ್ನು ಕಳಿಸುತ್ತಿದ್ದರು. ‘ಶಾಂತಲಾ’ ಕಾದಂಬರಿಯ ಕರ್ತೃವಾಗಿ ಕನ್ನಡಿಗರಿಗೆ ಪರಿಚಿತರಾದ ಅವರು ಕಬ್ಬಿಣದ ತೂಕಗಳ ಸಾಧನೆಯನ್ನೂ ಆಸನಗಳನ್ನೂ ಜೊತೆಗೂಡಿಸಿದವರು. ಹೀಗೆ ೧೯೩೦ರ ದಶಕದ ಮೈಸೂರು ಸಂಸ್ಥಾನದಲ್ಲಿ ಬಲಸಾಧನೆ, ಆರೋಗ್ಯ, ಯೋಗ ಇವುಗಳ ನಡುವಿನ ಗೆರೆಗಳು ಇಂದಿನಷ್ಟು ಗಟ್ಟಿಯಾಗಿರಲಿಲ್ಲ.

೪

ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಅವರು ೧೯೧೮ರ ಡಿಸೆಂಬರ್ ೧೪ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನ ಒಂದು ಶ್ರೀವೈಷ್ಣವ ಕುಟುಂಬದಲ್ಲಿ ಹುಟ್ಟಿದರು. ಅದು ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷ. ತಾಯಿ ಶೇಷಮ್ಮನವರೂ ಆ ಬೇನೆಗೆ ತುತ್ತಾಗಿದ್ದರು. ಶಾಲಾ ಉಪಾಧ್ಯಾಯರಾಗಿದ್ದ ತಂದೆ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ಮಲೇರಿಯಾ, ವಿಷಮಶೀತಜ್ವರ, ಕ್ಷಯ, ಪೌಷ್ಟಿಕ ಆಹಾರದ ಕೊರತೆ ಇವು ಅವರ ಬಾಲ್ಯವನ್ನು ಹಿಂಡಿದವು. ಕೈಕಾಲು ಕಡ್ಡಿಯಂತಾಗಿ ತಲೆಯನ್ನು ನೆಟ್ಟಗೆ ಹಿಡಿಯುವುದೂ ಪ್ರಯಾಸವಾಗಿತ್ತೆಂದು ಅವರೇ ನೆನೆದಿದ್ದಾರೆ. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರು ೧೯೩೪ರಲ್ಲಿ ಅವರನ್ನು ಮೈಸೂರಿಗೆ ಕರೆಸಿಕೊಂಡರು.

ಮೈಸೂರಿನ ದಿನಗಳು ಸುಖದವಾಗಿರಲಿಲ್ಲ. ಸಿದ್ಧತೆಯಿಲ್ಲದೆ ಹನುಮಾನಾಸನವನ್ನು ಪ್ರದರ್ಶಿಸಬೇಕಾಗಿ ಬಂದು ತೊಡೆಯ ಹಿಂಬದಿಯ ಸ್ನಾಯು ಹರಿದು, ಬಹುಕಾಲ ಸರಿಯಾಗಿ ನಡೆಯಲಾರದೆ ಹೋದ ಪ್ರಸಂಗವನ್ನು ಅಯ್ಯಂಗಾರ್ ಮುಂದೆ ಹಲವು ಸಲ ಹೇಳಿದ್ದಾರೆ. ಇದನ್ನು ಗುರುವಿನ ಕಾಠಿಣ್ಯದ ನಿದರ್ಶನವಾಗಿ ಮಾತ್ರ ಓದುವುದು ಸಾಲದು. ಪ್ರದರ್ಶನಕ್ಕಾಗಿ ರೂಪುಗೊಂಡ ಶಿಕ್ಷಣಕ್ರಮವು ಆಸನದ ಅಂತಿಮ ರೂಪವನ್ನು ಒಮ್ಮೆಗೇ ಬೇಡುತ್ತದೆ. ಅಲ್ಲಿಗೆ ತಲಪುವ ಮೆಟ್ಟಿಲುಗಳನ್ನು ಅದು ಕೊಡುವುದಿಲ್ಲ. ಅಯ್ಯಂಗಾರ್ ಅವರ ಮುಂದಿನ ಸಾಧನೆಯೆಲ್ಲ ಆ ಮೆಟ್ಟಿಲುಗಳನ್ನು ಕಟ್ಟುವ ಕೆಲಸವೇ ಆಯಿತು.

ಪುಣೆಗೆ ಅವರು ಬಂದುದರ ಹಿಂದೆ ಆಡಳಿತ ಭೂಗೋಳದ ಕಾರಣವೂ ಇದೆ. ೧೯೫೬ರ ನವೆಂಬರ್ ೧ರವರೆಗೆ ಬೆಳಗಾವಿ, ಧಾರವಾಡಗಳು ಪುಣೆಯಂತೆಯೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಧಿಕಾರಿಗಳು, ವೈದ್ಯರು, ಅಧ್ಯಾಪಕರು ಈ ಊರುಗಳ ನಡುವೆ ವರ್ಗವಾಗುತ್ತಿದ್ದರು. ೧೯೩೬ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಈ ಭಾಗದಲ್ಲಿ ಪ್ರವಾಸ ಮಾಡಿದರು. ಧಾರವಾಡದಲ್ಲಿ ಮಹಿಳೆಯರಿಗೆ ಪಾಠ ಹೇಳುವ ಕೆಲಸ ಶಿಷ್ಯರಲ್ಲಿ ಕಿರಿಯರಾದ ಅಯ್ಯಂಗಾರ್ ಅವರಿಗೆ ಬಂತು. ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ. ಬಿ. ಗೋಖಲೆಯವರು ಈ ಪ್ರವಾಸದಲ್ಲಿ ಅವರನ್ನು ಕಂಡರು. ನಿವೃತ್ತರಾಗಿ ಪುಣೆಯಲ್ಲಿ ನೆಲಸಿದ ಗೋಖಲೆಯವರ ಪ್ರಯತ್ನದಿಂದ ೧೯೩೭ರಲ್ಲಿ, ಹದಿನೆಂಟರ ಹರೆಯದ ಅಯ್ಯಂಗಾರ್ ಡೆಕ್ಕನ್ ಜಿಮಖಾನಾದಲ್ಲಿ ಆರು ತಿಂಗಳ ಮಟ್ಟಿಗೆಂದು ಶಿಕ್ಷಕರಾಗಿ ಬಂದರು. ಆ ಆರು ತಿಂಗಳು ಎಪ್ಪತ್ತೇಳು ವರ್ಷಗಳಾದವು. ೨೦೧೪ರ ಆಗಸ್ಟ್ ೨೦ರಂದು ಅವರು ತೀರಿಕೊಂಡುದು ಪುಣೆಯಲ್ಲಿಯೇ.

ಬಂದಾಗ ಅವರಿಗೆ ಮರಾಠಿ ಬಾರದು, ಇಂಗ್ಲಿಷ್ ಅಲ್ಪಸ್ವಲ್ಪ. ಕಲಿಯಲು ಬಂದವರಲ್ಲಿ ಅವರಿಗಿಂತ ವಯಸ್ಸಿನಲ್ಲಿಯೂ ಮೈಕಟ್ಟಿನಲ್ಲಿಯೂ ಮುಂದಾದ ಕಾಲೇಜು ವಿದ್ಯಾರ್ಥಿಗಳಿದ್ದರು. ಗುರು ದೂರದಲ್ಲಿದ್ದರು, ಸಂಪಾದನೆ ಅನಿಶ್ಚಿತವಾಗಿತ್ತು. ಗೋಖಲೆಯವರು ವೈದ್ಯರ ಭಾಷೆಯಲ್ಲಿ ಶರೀರವನ್ನು ವಿವರಿಸುತ್ತಿದ್ದರೆ ಅಯ್ಯಂಗಾರ್ ಆಸನಗಳನ್ನು ಮಾಡಿ ತೋರಿಸುತ್ತಿದ್ದರು. ಈ ಉಪನ್ಯಾಸ-ಪ್ರಾತ್ಯಕ್ಷಿಕೆಗಳಿಂದ ಅವರು ಸ್ನಾಯು, ಕೀಲು, ಮೂಳೆಗಳ ಹೆಸರು ಮತ್ತು ಕಾರ್ಯಗಳನ್ನು ಕಲಿತರು. ಈ ಪದ್ಧತಿಯ ಶರೀರರಚನಾಶಾಸ್ತ್ರದ ನುಡಿಗಟ್ಟಿನ ಮೂಲವನ್ನು ಇಲ್ಲಿ ಗುರುತಿಸಬಹುದು.

೫

ಉಪಕರಣಗಳ ವಿಷಯಕ್ಕೆ ಬರುವುದಾದರೆ, ಆರಂಭದಲ್ಲಿ ಅವು ‘ಉಪಕರಣ’ಗಳೇ ಆಗಿರಲಿಲ್ಲ. ದಾರಿಯಲ್ಲಿ ಸಿಕ್ಕ ಕಲ್ಲು, ಇಟ್ಟಿಗೆ, ಮನೆಯ ಗೋಡೆ ಇಂಥವುಗಳನ್ನೇ ತಮ್ಮ ಅಭ್ಯಾಸದಲ್ಲಿ ಬಳಸಿಕೊಂಡೆನೆಂದು ಅಯ್ಯಂಗಾರ್ ಹೇಳಿದ್ದಾರೆ. ಕಾಲಕ್ರಮದಲ್ಲಿ ಇಟ್ಟಿಗೆಯು ಮರದ ಇಟ್ಟಿಗೆಯಾಯಿತು, ಗೋಡೆಗೆ ಕೊಂಡಿ ಬಡಿದು ಹಗ್ಗ ಕಟ್ಟಿದುದಾಯಿತು, ಬೆನ್ನುಹಲಗೆ ತೆಗೆದ ಮಡಿಚುವ ಕಬ್ಬಿಣದ ಕುರ್ಚಿ ಬಂತು, ‘ಕುದುರೆ’ಯೆಂದು ಕರೆಯುವ ಎತ್ತರದ ಮರದ ಅಡ್ಡೆ ಬಂತು. ಕಂಬಳಿ, ಲೋಡುದಿಂಬು, ಪಟ್ಟಿ, ಮರಳಿನ ಚೀಲಗಳೂ ಇವುಗಳ ಜೊತೆ ಸೇರಿದವು.

ಈ ಸಾಧನಗಳ ಕಾರ್ಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಇತಿಹಾಸದ ತಿರುಳು ಇಲ್ಲಿಯೇ ಇದೆ.

ಗರಡಿಯ ದಂಡವನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೈಭಾರದ ದೊಡ್ಡ ಪಾಲು ಮಣಿಕಟ್ಟು ಮತ್ತು ಹೆಗಲುಗಳ ಮೇಲೆ ಬೀಳುತ್ತದೆ. ಹೆಗಲು ನೋಯುವವನಿಗೆ ಅದು ಅಸಾಧ್ಯ. ದಂಡದ ಒಂದು ಘಟ್ಟವನ್ನು ಹೋಲುವ ಅಧೋಮುಖಶ್ವಾನಾಸನವನ್ನು ಪುಣೆಯ ಪದ್ಧತಿಯಲ್ಲಿ ಅಂಗೈಯನ್ನು ಗೋಡೆಗೊತ್ತಿ, ಕುರ್ಚಿಯ ಮೇಲಿಟ್ಟು, ಇಟ್ಟಿಗೆಗಳ ಮೇಲಿಟ್ಟು, ಕೊನೆಗೆ ನೆಲದ ಮೇಲಿಟ್ಟು ಮಾಡಬಹುದು. ಕೈ ಎಷ್ಟು ಎತ್ತರದಲ್ಲಿದೆಯೋ ಅದರ ಮೇಲಿನ ಭಾರ ಅಷ್ಟು ಕಡಿಮೆ. ಗೋಡೆಯ ಹಗ್ಗವನ್ನು ತೊಡೆಯ ಮೇಲ್ಭಾಗಕ್ಕೆ ಸುತ್ತಿಕೊಂಡರೆ ಭಾರ ಹಿಂದಕ್ಕೆ ಹೋಗಿ ಮಣಿಕಟ್ಟಿಗೆ ಇನ್ನೂ ಬಿಡುವು ದೊರೆಯುತ್ತದೆ. ಗರಡಿಯಲ್ಲಿ ಭಾರವನ್ನು ಹೆಚ್ಚಿಸಲು ಕಲ್ಲಿನ ತೂಕವನ್ನು ಹೆಚ್ಚಿಸುತ್ತಿದ್ದರು. ಇಲ್ಲಿ ಭಾರವನ್ನು ಕ್ರಮಪಡಿಸಲು ಕೈಯ ಎತ್ತರವನ್ನು ಬದಲಾಯಿಸುತ್ತಾರೆ. ಎರಡೂ ಮೆಟ್ಟಿಲುಗಳೇ, ಆದರೆ ಎರಡನೆಯದು ನೆಲಕ್ಕಿಂತ ಕೆಳಗಿನಿಂದ ಆರಂಭವಾಗುತ್ತದೆ.

ಬಸ್ಕಿಯ ವಿಷಯವೂ ಹೀಗೆಯೇ. ಮಂಡಿ ಆಳವಾಗಿ ಮಡಿಚಿದಂತೆಲ್ಲ ಮಂಡಿಚಿಪ್ಪಿನ ಹಿಂಭಾಗದ ಒತ್ತಡ ಹೆಚ್ಚುತ್ತದೆ. ಸವೆದ ಮಂಡಿಗೆ ಅದು ಸಹ್ಯವಲ್ಲ. ಪುಣೆಯ ಪದ್ಧತಿ ಹೊಸಬರಿಗೆ ಮೊದಲು ಕಲಿಸುವುದು ನಿಂತು ಮಾಡುವ ಆಸನಗಳನ್ನು. ತಾಡಾಸನದಲ್ಲಿಯೂ ತ್ರಿಕೋನಾಸನದಲ್ಲಿಯೂ ಕಾಲು ನೇರವಾಗಿದ್ದು, ತೊಡೆಯ ಮುಂಭಾಗದ ಸ್ನಾಯುಗಳನ್ನು ಬಿಗಿಹಿಡಿದು ಮಂಡಿಚಿಪ್ಪನ್ನು ಮೇಲಕ್ಕೆಳೆಯಬೇಕು. ಇದು ಕೀಲನ್ನು ಆಡಿಸದೆ ಸ್ನಾಯುವನ್ನು ದುಡಿಸುವ ಕ್ರಮ. ಕೆಳಗಿನ ಕೈಗೆ ಇಟ್ಟಿಗೆಯ ಆಸರೆ, ಬೆನ್ನಿಗೆ ಗೋಡೆಯ ಆಸರೆ ದೊರೆತರೆ ಹೊಸಬನೂ ಅದರಲ್ಲಿ ಸಾಕಷ್ಟು ಹೊತ್ತು ನಿಲ್ಲಬಲ್ಲ. ಮಂಡಿ ಮಡಿಚಲೇಬೇಕಾದ ವೀರಭದ್ರಾಸನದಲ್ಲಿ ಮುಂದಿನ ತೊಡೆಯ ಕೆಳಗೆ ಕುರ್ಚಿಯಿಟ್ಟರೆ ಭಾರ ಕುರ್ಚಿಗೆ ಸೇರಿ, ಆಕೃತಿ ಮಾತ್ರ ದೇಹಕ್ಕೆ ಉಳಿಯುತ್ತದೆ. ಬಲ ಬಂದಂತೆ ಕುರ್ಚಿಯನ್ನು ಬಿಡಬಹುದು. ವೀರಾಸನದಲ್ಲಿ ಕೂರಲಾಗದವರಿಗೆ ಪೃಷ್ಠದ ಕೆಳಗೆ ಮಡಿಚಿದ ಕಂಬಳಿ, ಬೆನ್ನು ತಿರುಚಲಾಗದವರಿಗೆ ಕುರ್ಚಿಯ ಮೇಲೆ ಕುಳಿತು ಮಾಡುವ ಭರದ್ವಾಜಾಸನ, ಕತ್ತಿನ ಮೇಲೆ ಭಾರ ಹಾಕಲಾಗದವರಿಗೆ ಹಗ್ಗದಲ್ಲಿ ತೂಗಿ ಮಾಡುವ ಶೀರ್ಷಾಸನ, ಇವೆಲ್ಲ ಒಂದೇ ತತ್ತ್ವದ ವಿಸ್ತರಣೆಗಳು.

ಈ ತತ್ತ್ವವನ್ನು ಹೀಗೆ ಸಂಗ್ರಹಿಸಬಹುದು: ಗರಡಿಯಲ್ಲಿ ವಸ್ತುವು ಹೊರೆ, ಪುಣೆಯ ಶಾಲೆಯಲ್ಲಿ ಅದೇ ವಸ್ತುವು ಆಸರೆ. ಒಂದೆಡೆ ಎತ್ತುವ ಕಲ್ಲು, ಇನ್ನೊಂದೆಡೆ ಊರುವ ಕಲ್ಲು. ಒಂದೆಡೆ ಏರುವ ಹಗ್ಗ, ಇನ್ನೊಂದೆಡೆ ಹಿಡಿದಿಡುವ ಹಗ್ಗ. ಸಾಧನಗಳು ಹಳೆಯವೇ. ಅವುಗಳ ದಿಕ್ಕು ಮಾತ್ರ ಬದಲಾಯಿತು. ಈ ಬದಲಾವಣೆಗೆ ಕಾರಣವನ್ನು ಪಾಶ್ಚಾತ್ಯ ಶಿಷ್ಯರಲ್ಲಿ ಹುಡುಕಬೇಕಾಗಿಲ್ಲ. ಯೆಹೂದಿ ಮೆನುಹಿನ್ ಅವರನ್ನು ಅಯ್ಯಂಗಾರ್ ಕಂಡುದು ೧೯೫೨ರಲ್ಲಿ. ಅವರ ಮೊದಲ ಯುರೋಪು ಯಾತ್ರೆ ೧೯೫೪ರಲ್ಲಿ. ಎಂಬತ್ತು ದಾಟಿದ ಬೆಲ್ಜಿಯಂನ ರಾಣಿ ಎಲಿಜಬೆತ್ ಅವರಿಗೆ ಶೀರ್ಷಾಸನ ಕಲಿಸಿದುದು ೧೯೫೮ರಲ್ಲಿ. ಇವೆಲ್ಲಕ್ಕೂ ಮೊದಲೇ ಪುಣೆಯಲ್ಲಿ ಹದಿನೈದು ವರ್ಷಗಳ ದುಡಿಮೆ ನಡೆದಿತ್ತು. ಪಾಶ್ಚಾತ್ಯ ಸಂಪರ್ಕ ಈ ಸಾಧನಗಳ ಬಳಕೆಯನ್ನು ವಿಸ್ತರಿಸಿತು, ಅವುಗಳ ತಯಾರಿಕೆಗೆ ಮಾರುಕಟ್ಟೆಯನ್ನು ಒದಗಿಸಿತು. ಹುಟ್ಟಿಸಿದುದು ಅದಲ್ಲ.

೬

೧೯೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಲೈಟ್ ಆನ್ ಯೋಗ’ ಗ್ರಂಥವು ಇನ್ನೂರು ಆಸನಗಳನ್ನು ಸುಮಾರು ಆರುನೂರು ಛಾಯಾಚಿತ್ರಗಳೊಂದಿಗೆ ವಿವರಿಸುತ್ತದೆ. ಅದರ ಎರಡು ಅಂಶಗಳು ನಮ್ಮ ವಿಷಯಕ್ಕೆ ಪ್ರಸ್ತುತ. ಒಂದು, ಪ್ರತಿಯೊಂದು ಆಸನಕ್ಕೂ ಅದರ ಕಷ್ಟವನ್ನು ಸೂಚಿಸುವ ಅಂಕವನ್ನು ಕೊಟ್ಟು, ಮುನ್ನೂರು ವಾರಗಳ ಕ್ರಮವನ್ನು ಅನುಬಂಧದಲ್ಲಿ ಹಾಕಿರುವುದು. ಎರಡು, ಕಾಯಿಲೆಗಳ ಹೆಸರುಗಳ ಕೆಳಗೆ, ಕೀಲುನೋವುಗಳನ್ನೂ ಒಳಗೊಂಡು, ತಕ್ಕ ಆಸನಗಳನ್ನು ಪಟ್ಟಿಮಾಡಿರುವುದು. ಆದರೆ ಆ ಗ್ರಂಥದ ಚಿತ್ರಗಳಲ್ಲಿ ಕಾಣುವುದು ಬಹುತೇಕ ಆಸರೆಯಿಲ್ಲದ, ಪೂರ್ಣ ರೂಪದ ಆಸನಗಳು. ಪುಸ್ತಕದಲ್ಲಿ ಗುರಿ ಮುದ್ರಿತವಾಯಿತು. ಗುರಿಯತ್ತ ಹೋಗುವ ಮೆಟ್ಟಿಲುಗಳು ಪುಣೆಯ ತರಗತಿಯಲ್ಲಿ ಉಳಿದವು. ಪುಸ್ತಕವೊಂದನ್ನೇ ಆಧರಿಸಿ ಈ ಪದ್ಧತಿಯನ್ನು ಕಠಿಣವೆಂದು ತೀರ್ಮಾನಿಸಿದ ವಿಮರ್ಶಕರು ಈ ಅಂತರವನ್ನು ಗಮನಿಸಲಿಲ್ಲ.

ಪತ್ನಿ ರಮಾಮಣಿಯವರು ೧೯೭೩ರ ಜನವರಿಯಲ್ಲಿ, ಶಾಲೆಯ ಭೂಮಿಪೂಜೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಸ್ಮರಣೆಯಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ೧೯೭೫ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಅಲ್ಲಿನ ಚಿಕಿತ್ಸಾ ತರಗತಿಗಳಲ್ಲಿ ಈ ಸಾಧನಗಳು ಪೂರ್ಣ ವಿಕಾಸ ಪಡೆದವು. ಅವರ ಮಗಳು ಗೀತಾ ಅಯ್ಯಂಗಾರ್ (೧೯೪೪-೨೦೧೮) ಈ ಕೆಲಸವನ್ನು ವಿಶೇಷವಾಗಿ ಮಹಿಳೆಯರ ಅಗತ್ಯಗಳಿಗೆ ಹೊಂದಿಸಿ ಬೆಳೆಸಿದರು.

೧೯೭೯ರಲ್ಲಿ ಆದ ಘಟನೆಯೊಂದು ನಮ್ಮ ವಾದಕ್ಕೆ ನಿರ್ಣಾಯಕ. ಅರುವತ್ತು ದಾಟಿದ ಅಯ್ಯಂಗಾರ್ ಅವರು ಸ್ಕೂಟರ್ ಅಪಘಾತಕ್ಕೊಳಗಾದರು. ಕೆಲವು ತಿಂಗಳಲ್ಲೇ ಎರಡನೆಯ ಅಪಘಾತವೂ ಆಯಿತು. ಹೆಗಲು, ಬೆನ್ನು, ಮಂಡಿಗಳಿಗೆ ಪೆಟ್ಟು ಬಿದ್ದು, ನಾಲ್ಕು ದಶಕಗಳ ಸಾಧನೆ ಕೈತಪ್ಪಿತು. ಅವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಇತರರಿಗೆಂದು ಕಂಡುಕೊಂಡ ಆಸರೆಗಳನ್ನು ಆಗ ತಮ್ಮ ಮೇಲೆಯೇ ಪ್ರಯೋಗಿಸಿದರು. ಹಿಂದಿನ ಸ್ಥಿತಿಗೆ ಸಮೀಪ ಬರಲು ಸುಮಾರು ಹತ್ತು ವರ್ಷ ಹಿಡಿಯಿತು. ಅಂದರೆ ಈ ಪದ್ಧತಿಯ ಕರ್ತೃ ತನ್ನ ಬಾಳಿನಲ್ಲಿ ಎರಡು ಸಲ ‘ಹೊಸಬ’ನಾದವನು: ಹದಿನಾರರ ರೋಗಿ ಹುಡುಗನಾಗಿ ಒಮ್ಮೆ, ಅರುವತ್ತರ ಗಾಯಾಳುವಾಗಿ ಇನ್ನೊಮ್ಮೆ. ಇದೇ ಗುರುವಿನ ಇನ್ನೊಬ್ಬ ಶಿಷ್ಯ, ಮೈಸೂರಿನ ಕೆ. ಪಟ್ಟಾಭಿ ಜೋಯಿಸರು (೧೯೧೫-೨೦೦೯) ನಿಶ್ಚಿತ ಅನುಕ್ರಮದ, ಓಟದಂತೆ ಸಾಗುವ ಅಭ್ಯಾಸವನ್ನು ಬೆಳೆಸಿದರು. ಒಂದೇ ಮೂಲದಿಂದ ಎರಡು ಭಿನ್ನ ಕ್ರಮಗಳು ಹೊರಟುದಕ್ಕೆ ಇಬ್ಬರ ದೇಹಗಳ ಚರಿತ್ರೆ, ಇಬ್ಬರ ಊರುಗಳ ಚರಿತ್ರೆ ಕಾರಣವಾಗಿರಬಹುದೆಂಬುದು ವಿಚಾರಾರ್ಹ.

೭

ಈ ಪದ್ಧತಿಯ ಫಲವನ್ನು ಆಧುನಿಕ ವೈದ್ಯವಿಜ್ಞಾನ ಎಷ್ಟರಮಟ್ಟಿಗೆ ಒಪ್ಪಿದೆ? ಇಲ್ಲಿ ಉತ್ಸಾಹಕ್ಕಿಂತ ಎಚ್ಚರ ಮೇಲು. ೧೯೯೮ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮರಿಯನ್ ಗಾರ್ಫಿಂಕೆಲ್ ಮತ್ತು ಸಂಗಡಿಗರು ಮಣಿಕಟ್ಟಿನ ನರ ಒತ್ತಲ್ಪಟ್ಟು ನೋಯುವ ೪೨ ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ವಾರಕ್ಕೆ ಎರಡು ಸಲದಂತೆ ಎಂಟು ವಾರ ಈ ಪದ್ಧತಿಯ ಆಸನಗಳನ್ನು ಮಾಡಿದವರಲ್ಲಿ ಹಿಡಿತದ ಬಲ ಹೆಚ್ಚಿ ನೋವು ತಗ್ಗಿತು. ೨೦೦೫ರಲ್ಲಿ ಷರಾನ್ ಕೊಲಾಸಿನ್ಸ್ಕಿ ಮತ್ತು ಸಂಗಡಿಗರು ಮಂಡಿಸವೆತದ, ಸ್ಥೂಲಕಾಯದ, ಐವತ್ತು ದಾಟಿದವರ ಮೇಲೆ ಮಾರ್ಪಡಿಸಿದ ಆಸನಗಳನ್ನು ಪರೀಕ್ಷಿಸಿ ನೋವು ಕಡಿಮೆಯಾದುದನ್ನು ಕಂಡರು. ಆದರೆ ಅದನ್ನು ಪೂರ್ಣಗೊಳಿಸಿದವರು ಏಳು ಮಂದಿ ಮಾತ್ರ, ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ೨೦೧೯ರ ಮಾರ್ಗಸೂಚಿಯಲ್ಲಿ ಮಂಡಿಸವೆತಕ್ಕೆ ವ್ಯಾಯಾಮವನ್ನು ಬಲವಾಗಿ ಶಿಫಾರಸು ಮಾಡಿದೆ. ಯೋಗಕ್ಕೆ ಕೊಟ್ಟಿರುವುದು ಷರತ್ತಿನ ಶಿಫಾರಸು. ಸ್ನಾಯುಬಲದ ವ್ಯಾಯಾಮವನ್ನು ವಯಸ್ಕರು ವಾರಕ್ಕೆ ಎರಡು ದಿನವಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ.

ನೋವಿದ್ದರೆ ಮಲಗಿರಬೇಕು ಎಂಬ ಹಳೆಯ ತಿಳಿವಳಿಕೆಯಿಂದ, ನೋವಿಗೆ ತಕ್ಕಂತೆ ಅಳತೆಮಾಡಿ ದುಡಿಸಬೇಕು ಎಂಬ ನಿಲುವಿಗೆ ವೈದ್ಯಲೋಕ ಬಂದಿರುವುದನ್ನು ಇವು ತೋರಿಸುತ್ತವೆ. ಪುಣೆಯ ಪದ್ಧತಿ ಆ ನಿಲುವನ್ನು ಅನುಭವದಿಂದ ತಲಪಿತ್ತು. ಆದರೆ ಅನುಭವ ಪ್ರಮಾಣಕ್ಕೆ ಬದಲಿಯಲ್ಲ. ಊದಿಕೊಂಡ, ಬಿಸಿಯೇರಿದ ಕೀಲಿಗೂ, ಹೊಸ ಪೆಟ್ಟಿಗೂ ಮೊದಲು ಬೇಕಾದುದು ವೈದ್ಯರ ಪರೀಕ್ಷೆ.

ಇನ್ನೊಂದು ಆಕ್ಷೇಪಣೆಗೂ ಉತ್ತರ ಹೇಳಬೇಕು. ಆಸರೆಯೇ ಅಭ್ಯಾಸವಾಗಿ, ಬಲ ಬೆಳೆಯದೆ ಹೋಗುವುದಿಲ್ಲವೆ? ಹೋಗಬಹುದು. ಕುರ್ಚಿಯ ಮೇಲೆ ಭಾರ ಹಾಕಿ ನಿಂತವನು ಎಂದಿಗೂ ಕುರ್ಚಿಯನ್ನು ಸರಿಸದಿದ್ದರೆ ಅವನ ತೊಡೆ ಬಲಿಯುವುದಿಲ್ಲ. ಹೊರೆಯನ್ನು ಹೆಚ್ಚಿಸುತ್ತ ಹೋಗುವ ಗರಡಿಯ ನಿಯಮವನ್ನು ಈ ಪದ್ಧತಿ ತಲೆಕೆಳಗು ಮಾಡಿ, ಆಸರೆಯನ್ನು ಕಡಿಮೆ ಮಾಡುತ್ತ ಹೋಗುವ ನಿಯಮವಾಗಿ ಉಳಿಸಿಕೊಂಡಾಗ ಮಾತ್ರ ಅದು ಬಲಸಾಧನೆ. ಇಲ್ಲವಾದರೆ ವಿಶ್ರಾಂತಿ. ಎರಡಕ್ಕೂ ಸ್ಥಾನವುಂಟು, ಆದರೆ ಎರಡೂ ಒಂದೇ ಅಲ್ಲ. ಹಾಗೆಯೇ, ಬಿದ್ದ ಇಟ್ಟಿಗೆಯಿಂದ ಆರಂಭವಾದ ಕ್ರಮವೊಂದು ಇಂದು ಬೆಲೆಬಾಳುವ ಸಾಮಗ್ರಿಗಳ ವ್ಯಾಪಾರವಾಗಿ ಬೆಳೆದಿರುವುದೂ ನಿಜ. ಸಾಧನವಿಲ್ಲದವನಿಗೆ ದಾರಿ ತೋರಿಸಿದ ಪದ್ಧತಿ ಸಾಧನಗಳಿಲ್ಲದೆ ಕಲಿಯಲಾಗದೆಂಬ ಭಾವನೆಯನ್ನು ಹುಟ್ಟಿಸಿದರೆ ಅದು ತನ್ನ ಮೂಲವನ್ನೇ ಮರೆತಂತೆ. ಗೋಡೆ, ಬಾಗಿಲ ಚೌಕಟ್ಟು, ಮಡಿಚಿದ ಜಮಖಾನ, ಗಟ್ಟಿ ಕುರ್ಚಿ ಇವಿಷ್ಟು ಯಾವ ಮನೆಯಲ್ಲಿ ಇಲ್ಲ?

೮

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪುಣೆಯ ಈ ಪದ್ಧತಿಯನ್ನು ಯೋಗದ ಇತಿಹಾಸದಲ್ಲಿ ಮಾತ್ರವಲ್ಲ, ಬಲಸಾಧನೆಯ ಇತಿಹಾಸದಲ್ಲಿಯೂ ಇಟ್ಟು ನೋಡಬೇಕು. ಎರಡನೆಯದಾಗಿ, ಅದರ ಹಿನ್ನೆಲೆ ಮೈಸೂರು, ಕೋಲಾರ, ಬೆಳಗಾವಿ, ಧಾರವಾಡಗಳನ್ನು ಪುಣೆಯೊಂದಿಗೆ ಹೆಣೆದಿದೆ. ಭಾಷಾವಾರು ರಾಜ್ಯಗಳ ಗಡಿಗಳನ್ನು ಆ ಕಾಲಕ್ಕೆ ಆರೋಪಿಸಿದರೆ ಈ ಹೆಣಿಗೆ ಕಾಣದೆ ಹೋಗುತ್ತದೆ. ಇದನ್ನು ಕನ್ನಡದ್ದೆಂದೋ ಮರಾಠಿಯದೆಂದೋ ಸಾಧಿಸಹೊರಡುವುದು ನಮ್ಮ ಉದ್ದೇಶವಲ್ಲ. ಹುಟ್ಟು ಒಂದೆಡೆಯದು, ಬೆಳವಣಿಗೆ ಇನ್ನೊಂದೆಡೆಯದು ಎಂದರೆ ಎರಡು ನಾಡುಗಳಿಗೂ ನ್ಯಾಯ ಸಲ್ಲುತ್ತದೆ. ಮೂರನೆಯದಾಗಿ, ಈ ಪದ್ಧತಿಯ ಹೊಸತನ ಆಸನಗಳಲ್ಲಿಯೂ ಇಲ್ಲ, ಸಾಮಗ್ರಿಗಳಲ್ಲಿಯೂ ಇಲ್ಲ. ಅಶಕ್ತನನ್ನು ಸಾಧಕನೆಂದು ಒಪ್ಪಿಕೊಂಡುದರಲ್ಲಿ ಇದೆ.

ಇನ್ನು ಆಗಬೇಕಾದ ಕೆಲಸವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ‘ಯೋಗಮಕರಂದ’, ‘ಯೋಗಾಸನಗಳು’ ಗ್ರಂಥಗಳ ಕನ್ನಡ ಪಠ್ಯಗಳನ್ನು ಅನುವಾದಗಳೊಂದಿಗೆ ಸಾಲುಸಾಲಾಗಿ ಹೋಲಿಸಿ ಸಂಪಾದಿಸಬೇಕು. ೧೯೩೬ರ ಪ್ರವಾಸದ ವರದಿಗಳನ್ನು ಧಾರವಾಡ, ಬೆಳಗಾವಿಗಳ ಆ ಕಾಲದ ಕನ್ನಡ ಹಾಗೂ ಮರಾಠಿ ಪತ್ರಿಕೆಗಳಲ್ಲಿ ಹುಡುಕಬೇಕು. ಗರಡಿಯ ಪಾರಿಭಾಷಿಕ ಪದಗಳನ್ನು, ಅವುಗಳನ್ನು ಬಲ್ಲ ಹಿರಿಯ ಉಸ್ತಾದರು ನಮ್ಮೊಡನೆ ಇರುವಾಗಲೇ, ಊರೂರು ಅಲೆದು ಸಂಗ್ರಹಿಸಬೇಕು. ನೊಂದ ಕೀಲಿಗೆ ಗರಡಿಯಲ್ಲಿ ಏನು ಹೇಳುತ್ತಿದ್ದರು, ಏನು ಮಾಡಿಸುತ್ತಿದ್ದರು ಎಂಬುದು ಆ ಪದಗಳಲ್ಲಿ ಅಡಗಿರುವ ಸಾಧ್ಯತೆಯಿದೆ. ಈ ಕೆಲಸಕ್ಕೆ ಕನ್ನಡ, ಮರಾಠಿಗಳೆರಡನ್ನೂ ಬಲ್ಲ, ಎರಡೂ ನಾಡುಗಳ ಗ್ರಂಥಾಲಯಗಳಲ್ಲಿ ಕುಳಿತು ಓದಬಲ್ಲ ಸಂಶೋಧಕರು ಬೇಕು. ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಇದಕ್ಕೆ ಒಳನಾಡಿನವರಿಗಿಂತ ಹೆಚ್ಚಿನ ಅನುಕೂಲವಿದೆಯೆಂದು ನಾವು ಭಾವಿಸುತ್ತೇವೆ.